ಕೊಲೆಗಾರ ಹವಾಲ್ದಾರನಿಗೆ ಬಡ್ತಿ

ಗೆಳೆಯರೇ, ಮಿರಜದ ಹತ್ತಿರದ ಕುಪವಾಡ ಕೈಗಾರಿಕಾ ಪ್ರದೇಶದ ಮುಚ್ಚಿದ ಕಾರ್ಖಾನೆಯೊಂದರಲ್ಲಿ ಇಂದು ಕೊಲೆಗಾರ ಪೊಲೀಸನ ಸಿನಿಮಾದ ಎರಡನೇ ಭಾಗದ ಶೂಟಿಂಗ್ ನೋಡಿ ಬಂದೆ. ಕೊಲೆಗಾರ ಹವಾಲ್ದಾರನ ಪಾತ್ರ ನಮ್ಮ ಅಣ್ಣಪ್ಪ ಕಾಕಾನದು. ಮಿರಜದಲ್ಲಿ ಅವರದು ಅರಿಸಿನದ ವ್ಯಾಪಾರ. ಮೊದಲ ಭಾಗದ ಕೊನೆಗೆ ಅವರ ತಲೆ ಕಡಿದಿದ್ದರು.

"ತಲಿ ಹೋದಾವ ಮತ್ತ ಹೆಂಗ ಬಂದ?" ಎಂದು ನಿರ್ದೇಶಕ ಸುನೀಲನನ್ನು ಕೇಳಿದೆ.

"ಸಸ್ಪೆಂಡ್ ಆಗಿದ್ದ. ಈಗ ಮತ್ತ ಡ್ಯೂಟಿಗೆ ತಗೊಂಡಾರ್ರಿ."

ಇಷ್ಟು ನಂಬುವಂಥ ಕಾರಣವನ್ನು ನಾನು ಯಾವ ಕಾದಂಬರಿಯಲ್ಲೂ ಓದಿರಲಿಲ್ಲ.

ಅಷ್ಟರಲ್ಲಿ ನಿಜವಾದ ಹವಾಲ್ದಾರರೊಬ್ಬರು ಮೋಟಾರ್‌ಸೈಕಲ್ ಮೇಲೆ ಬಂದಿಳಿದರು. ಬಾಡಿಗೆಯ ಕ್ಯಾಮೆರಾ ಸಂಜೆಗೆ ವಾಪಸ್ ಹೋಗಬೇಕಿತ್ತು. ಈಗ ಶೂಟಿಂಗ್ ನಿಂತರೆ ಸಿನಿಮಾವೇ ನಿಂತಂತೆ. ಹವಾಲ್ದಾರರು ನೆಲದ ಮೇಲಿನ ಹೆಣಗಳನ್ನು ನೋಡಲಿಲ್ಲ, ಕಾಕಾನ ಕೈಯಲ್ಲಿದ್ದ ಕೊಡಲಿಯನ್ನೂ ನೋಡಲಿಲ್ಲ. ಅವರು ನೋಡಿದ್ದು ಕಾಕಾನ ತೋಳಿನ ಮೇಲಿನ ಹವಾಲ್ದಾರ್ ಪಟ್ಟಿಗಳನ್ನು.

"ಹವಾಲ್ದಾರನೇ ಯಾಕ ಕೊಲಿ ಮಾಡಬೇಕು? ಎಲ್ಲಾ ನಮ್ಮ ಮ್ಯಾಲೇ ಏನು? ಸಾಹೇಬರಿಗೆ ಕೈ ಇಲ್ಲೇನು?"

"ತಪ್ಪಾತ್ರಿ, ಸಾಹೇಬನ್ನ ಮಾಡೇ ಬಿಡ್ತೇನಿ," ಎಂದ ಸುನೀಲ. ಪಟ್ಟಿಗಳನ್ನು ಕಿತ್ತು, ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದದಲ್ಲಿ ನಕ್ಷತ್ರ ಕತ್ತರಿಸಿ ಕಾಕಾನ ಹೆಗಲಿಗೆ ಅಂಟಿಸಿದ. ಸೊಟ್ಟಗಿದ್ದ ನಕ್ಷತ್ರವನ್ನು ಹವಾಲ್ದಾರರೇ ಸರಿಮಾಡಿದರು.

"ಈಗ ಖರೇ ಅನಸ್ತೈತಿ. ನಡೀಲಿ," ಎಂದವರು, ಹೊರಡುವಾಗ ಅಭ್ಯಾಸಬಲದಿಂದ ಕಾಕಾನಿಗೊಂದು ಸಲ್ಯೂಟ್ ಹೊಡೆದರು.

ತಲೆ ಇರುವವರೆಗೆ ನಮ್ಮ ಕಾಕಾ ಹವಾಲ್ದಾರರಾಗಿಯೇ ಉಳಿದಿದ್ದರು. ಅದು ಹೋದ ಮೇಲೆ ಸಾಹೇಬರಾಗಿದ್ದಾರೆ.