ಸುಂಕಮ್ಮನ ಖಾಸಗಿ ಕತೆಗಳು

ಆಂಧ್ರದ ಗಡಿಯಲ್ಲಿರುವ ಆಲೂರಿನ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಸಂಜೆ ಹೊತ್ತು ಮಿರ್ಚಿ ಬಜಿ ಹಾಕುವ ಸುಂಕಮ್ಮನಿಗೆ ಒಂದು ಚಟವಿತ್ತು. ಬಜಿ ಕಟ್ಟಿಕೊಡಲು ಹರಿದಿಟ್ಟ ಹಳೆ ಪೇಪರಿನ ತುಂಡನ್ನು ತಾನು ಓದದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಶಾಲೆಯಲ್ಲಿ ಕಲಿತದ್ದು ಬರೀ ತೆಲುಗು. ಕನ್ನಡ ಓದಲು ಕಲಿಸಿದ್ದು ಬಳ್ಳಾರಿಯಿಂದ ತೂಕಕ್ಕೆ ಬರುತ್ತಿದ್ದ ರದ್ದಿ. ಗಿರಾಕಿ ಕೈ ಚಾಚಿ ನಿಂತಿದ್ದರೂ ತುಂಡನ್ನು ಬೆಳಕಿಗೆ ಹಿಡಿದು ಓದಿ, ಆಮೇಲೇ ಪೊಟ್ಟಣ ಕಟ್ಟುತ್ತಿದ್ದಳು.

ತುಂಡು ಕಾಗದದಲ್ಲಿ ಕತೆ ಪೂರ್ತಿ ಇರುತ್ತದೆಯೇ? ಕಳ್ಳ ಸಿಕ್ಕಿಬೀಳುವ ಹೊತ್ತಿಗೆ ಕಾಗದ ಮುಗಿದಿರುತ್ತಿತ್ತು. ಸುಂಕಮ್ಮ ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಬೆಂಚಿನ ಮೇಲೆ ಕೂತವರಿಗೆ ಸಿಕ್ಕಷ್ಟನ್ನು ಓದಿ ಹೇಳಿ, ಉಳಿದದ್ದನ್ನು ಬಾಣಲೆಯ ಮುಂದೆ ನಿಂತಲ್ಲೇ ಕಟ್ಟಿ ಹೇಳುತ್ತಿದ್ದಳು. ಕೇಳುವವರು ಅದೂ ಪೇಪರಿನಲ್ಲೇ ಬಂದದ್ದು ಅಂದುಕೊಂಡಿದ್ದರು. ಆಕೆಯೂ ಅಲ್ಲವೆಂದು ಹೇಳಲು ಹೋಗಲಿಲ್ಲ. ಅವಳ ಬಜಿಗಿಂತ ಖಾರದ ಬಜಿ ಊರಲ್ಲಿ ಬೇರೆ ಕಡೆಯೂ ಸಿಗುತ್ತಿತ್ತು. ಜನ ಇಲ್ಲಿಗೇ ಬರುತ್ತಿದ್ದದ್ದು ಮಾತು ಕೇಳಲಿಕ್ಕೆ.

ಈಚೆಗೆ ರದ್ದಿ ಬರುವುದು ಕಡಿಮೆಯಾಗಿ, ಬಜಿ ಕಾಗದದ ತಟ್ಟೆಗೆ ಬಿದ್ದವು. ಓದಲು ಏನೂ ಇಲ್ಲದೆ ಅತ್ತೆ ಸಿಡಿಸಿಡಿ ಅನ್ನುವುದನ್ನು ನೋಡಲಾರದೆ ಸೊಸೆ ಶ್ರಾವಣಿ ಅವಳ ಫೋನಿನಲ್ಲಿ ಒಂದು ಆಪ್ ಹಾಕಿಕೊಟ್ಟಳು. ಕಂಡ ಬರಹವನ್ನು ಅದರಲ್ಲಿ ಎತ್ತಿಟ್ಟುಕೊಂಡರೆ ಬೇಕೆಂದಾಗ ತೆಗೆದು ಓದಬಹುದು. ಖಾತೆ ತೆರೆದು, ಭಾಷೆಗೆ ಕನ್ನಡ ಒತ್ತಿ, ಉಳಿದ ಸೆಟ್ಟಿಂಗ್ ನೀವೇ ಮಾಡಿಕೊಳ್ಳಿ ಎಂದು ಹೇಳಿ ಶ್ರಾವಣಿ ತನ್ನ ಕೆಲಸಕ್ಕೆ ಹೋದಳು.

ಸುಂಕಮ್ಮ ಕನ್ನಡಕ ಏರಿಸಿ ಒಂದೊಂದೇ ಓದಿದಳು. ಅಕ್ಷರ ದೊಡ್ಡದು ಬೇಕೆ? ಬೇಕು. ದಿನಾ ನೆನಪಿಸಬೇಕೆ? ಬೇಡ, ನೆನಪಿಸಲು ಗಂಡ ಇದ್ದಾನೆ. ಹೀಗೆ ಹೋಗುತ್ತ ‘ನಿಮ್ಮ ಖಾತೆ: ಸಾರ್ವಜನಿಕ, ಖಾಸಗಿ’ ಎಂಬಲ್ಲಿ ಬಂದು ನಿಂತಳು. ಇಲ್ಲಿ ಅವಳಿಗೆ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಗಡಿಯಾಚೆಯ ಬಳ್ಳಾರಿಗೆ ಹೆರಿಗೆಗೆ ಹೋದಾಗ ಅವಳ ಮಗ ಹುಟ್ಟಿದ್ದು ಸಾರ್ವಜನಿಕ ಆಸ್ಪತ್ರೆಯಲ್ಲಿ, ಪುಕ್ಕಟೆಯಾಗಿ. ಅವಳ ತಂಗಿ ಹೆತ್ತದ್ದು ಖಾಸಗಿಯಲ್ಲಿ, ಅದಕ್ಕೆ ಎರಡು ಆಕಳು ಮಾರಬೇಕಾಗಿತ್ತು. ಈ ಆಪಿನವರು ನನ್ನ ಕಿವಿಗೆ ಹೂವಿಡಲು ನೋಡುತ್ತಿದ್ದಾರೆ ಅಂದುಕೊಂಡು ಸುಂಕಮ್ಮ ಸಾರ್ವಜನಿಕವನ್ನೇ ಗಟ್ಟಿಯಾಗಿ ಒತ್ತಿದಳು.

ಆಮೇಲೆ ಶುರುವಾಯಿತು ನೋಡಿ ಫಜೀತಿ.

ಅವಳ ಮೈದುನ ಲಕ್ಷ್ಮಿಕಾಂತ ಆದೋನಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಸಂಜೆ ಬಸ್ಸಿಳಿದವನು ಅತ್ತಿಗೆಯ ಬೆಂಚಿನಲ್ಲಿ ಕೂತು ಒಂದು ತಟ್ಟೆ ಬಜಿ ತಿಂದೇ ಮನೆಗೆ ಹೋಗುವವನು. ಅಲ್ಲಿಯವರೆಗೆ ಸುಮ್ಮನೆ ಕೇಳುತ್ತ ಕೂರುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಬಾಯಿ ಬಂತು. ಸುಂಕಮ್ಮ ಹಳೆ ರೂಢಿಯಂತೆ ಮಧ್ಯಾಹ್ನ ಅರ್ಧ ಓದಿಟ್ಟ ಕತೆ ಅವನಿಗೆ ಪೂರ್ತಿ ಗೊತ್ತಿರುತ್ತಿತ್ತು.

ದಾರಿ ತಪ್ಪಿದ ಮದುವೆ ಬಸ್ಸಿನ ಸುದ್ದಿಯನ್ನು ಆಕೆ ರಂಗೇರಿಸಿ ಹೇಳಿದ್ದಳು. ಬೀಗರು ಯಾರದೋ ಮದುವೆಯಲ್ಲಿ ಇಳಿದು, ಹೊಟ್ಟೆ ತುಂಬ ಉಂಡು, ಹೊರಡುವ ಮುಂಚೆ ಅಲ್ಲಿಯೇ ಇನ್ನೊಂದು ಸಂಬಂಧ ಕುದುರಿಸಿಕೊಂಡು ಬಂದರು. ಬೆಂಚು ನಕ್ಕು ಸುಸ್ತಾಗಿತ್ತು. ಲಕ್ಷ್ಮಿಕಾಂತ ಬಾಯಿ ಒರೆಸಿಕೊಂಡು, ಹಾಗೇನೂ ಆಗಿಲ್ಲ, ಪೊಲೀಸರು ದಾರಿ ತೋರಿಸಿದರು, ಬಸ್ಸು ತಡವಾಗಿ ಮುಟ್ಟಿತು, ಅಷ್ಟೇ ಅಂದ. ಅಂದದ್ದಲ್ಲದೆ ಫೋನು ತೆಗೆದು ಎಲ್ಲರಿಗೂ ತೋರಿಸಿದ.

ಹೀಗೆ ನಾಲ್ಕಾರು ಸಂಜೆ ನಡೆಯಿತು. ಕೊನೆಗೆ ಹಾಲಹರವಿ ಕಡೆಯ ಕುರಿಗಾರ ಮಾರೆಣ್ಣ ಕೇಳಿಯೇಬಿಟ್ಟ. ಅವನು ಇವಳ ಕತೆಗಳನ್ನು ಹೊತ್ತುಕೊಂಡು ಹೋಗಿ ತನ್ನ ಊರಿನ ಕಟ್ಟೆಯಲ್ಲಿ ಹೇಳಿ ದೊಡ್ಡಸ್ತಿಕೆ ಪಡೆದವನು.

“ಅಕ್ಕಾ, ಇಷ್ಟು ವರ್ಷ ನೀ ಹೇಳಿದ್ದೆಲ್ಲಾ ಸುಳ್ಳೇನು?”

ಸುಂಕಮ್ಮ ಬಜಿ ತಿರುವುವುದನ್ನೇ ಮರೆತಳು. ಬಾಣಲೆಯಲ್ಲಿದ್ದ ಬಜಿ ಕರ್ರಗಾದವು. ಅಂಗಡಿ ಇಟ್ಟ ಮೇಲೆ ಮೊದಲ ಸಲ ಅವಳಿಗೆ ಜನರ ಮುಖ ನೋಡಲು ನಾಚಿಕೆಯಾಯಿತು. ಮಾರನೆಯ ದಿನ ಬೆಂಚಿನಲ್ಲಿ ಜನ ಕೂತಿದ್ದರು, ಆದರೆ ಅವಳು ಬಾಯಿ ತೆರೆದಾಗಲೆಲ್ಲ ಲಕ್ಷ್ಮಿಕಾಂತನ ಕಡೆ ನೋಡುತ್ತಿದ್ದರು.

ಗುಟ್ಟು ಬಯಲು ಮಾಡಿದವಳು ಶ್ರಾವಣಿ. ಅತ್ತೆ ಮಂಕಾಗಿದ್ದಾಳೆಂದು ಫೋನು ತೆಗೆದು ನೋಡಿದರೆ ಪ್ರತಿ ಬರಹದ ಕೆಳಗೂ ‘ಲಕ್ಷ್ಮಿಕಾಂತ್ ಓದಿದ್ದಾರೆ’ ಎಂದಿತ್ತು. ಅದೇ ಆಪ್ ಇದ್ದ ಅವನ ಫೋನಿನಲ್ಲಿ ಅತ್ತಿಗೆಯ ನಂಬರಿದ್ದುದರಿಂದ ಆಪೇ ಅವನಿಗೆ ದಾರಿ ತೋರಿಸಿತ್ತು. ಅವನು ಆದೋನಿಯಿಂದ ಬರುವ ಬಸ್ಸಿನಲ್ಲಿ ಕೂತು, ಇವಳು ಎತ್ತಿಟ್ಟಿದ್ದನ್ನೆಲ್ಲ ತುದಿಯಿಂದ ತುದಿಗೆ ಓದಿ ಮುಗಿಸುತ್ತಿದ್ದ.

“ಅತ್ತೀ, ಇಲ್ಲಿ ಸಾರ್ವಜನಿಕ ಅಂದ್ರ ಪುಕ್ಕಟೆ ಅಂತಲ್ಲ. ಊರಿಗೆಲ್ಲಾ ಬಾಗಲಾ ತೆಗದಂಗ. ಖಾಸಗಿ ಅಂದ್ರ ಬಾಗಲಾ ಹಾಕ್ಕೊಂಡಂಗ.”

“ಖಾಸಗಿಗೆ ರೊಕ್ಕ ಎಷ್ಟಂತ?”

ಒಂದು ಪೈಸೆಯೂ ಇಲ್ಲ ಎಂದು ತಿಳಿದು ಸುಂಕಮ್ಮನಿಗೆ ಆಪಿನವರ ಮೇಲೆ ಮೊದಲ ಸಲ ಮರ್ಯಾದೆ ಹುಟ್ಟಿತು. ತಾನೇ ಫೋನು ಇಸಿದುಕೊಂಡು ಸೆಟ್ಟಿಂಗಿನ ತಳದವರೆಗೂ ಹೋದಳು. ಕಟ್ಟಕಡೆಯಲ್ಲಿ ಕೆಂಪಕ್ಷರದಲ್ಲಿ ‘ಖಾತೆಯನ್ನು ಅಳಿಸಿ’ ಎಂದಿತ್ತು. ಅದನ್ನು ಕಂಡು ಅವಳ ಕಣ್ಣು ಮಿನುಗಿದವು. ಇದನ್ನು ಒತ್ತಿದರೆ ಲಕ್ಷ್ಮಿಕಾಂತ ಅಳುತ್ತಾನೇನು ಎಂದು ಕೇಳಿದಳು. ಅಳುವವರು ನೀವೇ, ಇಟ್ಟ ಕತೆಗಳೆಲ್ಲ ಹೋಗಿಬಿಡುತ್ತವೆ ಎಂದು ಶ್ರಾವಣಿ ಗಾಬರಿಯಿಂದ ಅವಳ ಬೆರಳು ಹಿಡಿದುಕೊಂಡಳು.

ಬಾಗಿಲು ಮುಚ್ಚಬೇಕು ನಿಜ. ಆದರೆ ಒಳಗೆ ಹೊಕ್ಕವನ ಕಾಲು ಹೊಸ್ತಿಲ ಮೇಲಿರುವಾಗ ಮುಚ್ಚಿದರೆ ಅದರ ರುಚಿಯೇ ಬೇರೆ ಎಂದು ಸುಂಕಮ್ಮನಿಗೆ ಹೊಳೆಯಿತು.

ಮರುದಿನ ಮಧ್ಯಾಹ್ನ ಆಕೆ ಹುಡುಕಿ ಹುಡುಕಿ ಒಂದು ಉದ್ದನೆಯ ಕತೆ ಎತ್ತಿಟ್ಟಳು. ಮುದುಕಿಯೊಬ್ಬಳು ಬೀಗ ಹಾಕಿಕೊಂಡು ಮಗಳ ಊರಿಗೆ ಹೋಗಿರುತ್ತಾಳೆ. ಕಳ್ಳನೊಬ್ಬ ಮಾಳಿಗೆಯ ಗವಾಕ್ಷಿಯಿಂದ ಒಳಗೆ ಇಳಿಯುತ್ತಾನೆ, ಹಗ್ಗ ಹರಿಯುತ್ತದೆ. ಒಳಗಿದ್ದ ಉಪ್ಪಿನಕಾಯಿ ರೊಟ್ಟಿ ತಿಂದುಕೊಂಡು ಅಲ್ಲೇ ಬಿದ್ದಿರುತ್ತಾನೆ. ಒಂದು ದಿನ ಮುದುಕಿ ತಿರುಗಿ ಬಂದು ಬೀಗಕ್ಕೆ ಕೀಲಿ ಹಾಕುತ್ತಾಳೆ. ಸುಂಕಮ್ಮ ತಾನೂ ಅಲ್ಲಿಗೇ ಓದು ನಿಲ್ಲಿಸಿದಳು. ಸಂಜೆ ಬಸ್ಸಿನ ಹೊತ್ತಿಗೆ ಹಿಟ್ಟು ಕಲಸುತ್ತ, ಒಂದು ಕಣ್ಣು ಫೋನಿನ ಮೇಲಿಟ್ಟಿದ್ದಳು. ‘ಲಕ್ಷ್ಮಿಕಾಂತ್ ಓದುತ್ತಿದ್ದಾರೆ’ ಎಂದು ಬಂತು. ತನಗೆ ಕೀಲಿಯವರೆಗೆ ಓದಲು ಹಿಡಿದಷ್ಟು, ಅಂದರೆ ಒಂದು ಒಬ್ಬೆ ಬಜಿ ಬೇಯುವಷ್ಟು ಹೊತ್ತು ಬಿಟ್ಟು, ಹಿಟ್ಟಾದ ಬೆರಳಿನಿಂದಲೇ ಖಾಸಗಿ ಒತ್ತಿದಳು.

ಲಕ್ಷ್ಮಿಕಾಂತ ಬಸ್ಸಿಳಿದು ಬಂದಾಗ ಮುಖ ಹರಳೆಣ್ಣೆ ಕುಡಿದಂತಿತ್ತು. ಆದರೂ ಅಭ್ಯಾಸ ಬಲ. ಕೂತವನೇ ಮುದುಕಿ ಮತ್ತು ಕಳ್ಳನ ಕತೆ ಶುರು ಮಾಡಿದ. ಚೆನ್ನಾಗಿಯೇ ಹೇಳಿದ ಅನ್ನಬೇಕು. ಬೀಗದಲ್ಲಿ ಕೀಲಿ ತಿರುಗುವಲ್ಲಿಗೆ ಬಂದು ನಿಂತುಬಿಟ್ಟ. ಮುಂದೇನೆಂದು ಮಾರೆಣ್ಣ ಕೇಳಿದ. ಲಕ್ಷ್ಮಿಕಾಂತ ಫೋನು ತಿಕ್ಕಿದ, ತಿರುವಿದ. ಕತೆಯ ಹೆಸರನ್ನೂ ಅವನು ನೋಡಿಟ್ಟುಕೊಂಡಿರಲಿಲ್ಲ.

ಅಷ್ಟರಲ್ಲಿ ಸುಂಕಮ್ಮನ ಫೋನು ಟಿಣ್ಣೆಂದಿತು. ನಿಮ್ಮ ಪಟ್ಟಿ ನೋಡಲು ಲಕ್ಷ್ಮಿಕಾಂತ್ ಅನುಮತಿ ಕೇಳಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಆಕೆ ಅದನ್ನು ಬೆಂಚಿಗೆಲ್ಲ ಕೇಳುವ ಹಾಗೆ ಓದಿದಳು. ಕಚೇರಿಯಲ್ಲಿ ಜನರನ್ನು ಅರ್ಜಿ ಹಿಡಿಸಿ ನಿಲ್ಲಿಸುವ ಮನುಷ್ಯನ ಕಿವಿ ಕೆಂಪಗಾದವು.

“ಇದೇನಪಾ ಲಕ್ಷ್ಮಿಕಾಂತ, ನನಗೂ ಅರ್ಜಿ ಹಾಕೀ? ಇದು ಆಫೀಸ್ ಅಲ್ಲ. ಕೇಳೋದಿದ್ರ ಬಾಯಿಲೆ ಕೇಳು.”

ಯಾರೂ ನಗಲಿಲ್ಲ. ಎಲ್ಲರಿಗೂ ಮುದುಕಿಯದೇ ಚಿಂತೆ. ಲಕ್ಷ್ಮಿಕಾಂತ ಬಜಿಯ ತಟ್ಟೆಯನ್ನು ಪಕ್ಕಕ್ಕಿಟ್ಟ. ಫೋನನ್ನು ಅಂಗಿಯ ಜೇಬಿಗೆ ಹಾಕಿ ಅತ್ತಿಗೆಯ ಕಡೆ ತಿರುಗಿದ.

“ಆಕಿ ಬಾಗಲಾ ತೆಗದ್ಲೇನು, ವದಿನಾ?”

ಸುಂಕಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಶುರು ಮಾಡಿದಳು. ಮುದುಕಿ ಬಾಗಿಲು ತೆಗೆಯಲಿಲ್ಲವಂತೆ. ಒಳಗೆ ಸಪ್ಪಳ ಕೇಳಿ ಕೀಲಿ ಹಿಂದಕ್ಕೆ ತಿರುಗಿಸಿ, ಮೂಲೆಯಲ್ಲಿ ಸುಣ್ಣದ ಗಡಿಗೆ ಇದೆ, ಮನೆಯೆಲ್ಲ ಬಳಿದು ಮುಗಿಸಿದರೆ ಬಿಡುತ್ತೇನೆ ಅಂದಳಂತೆ. ಕಳ್ಳ ಮೈಯೆಲ್ಲ ಸುಣ್ಣ ಮಾಡಿಕೊಂಡು ಬಳಿದದ್ದೇ ಬಳಿದದ್ದು. ಸುದ್ದಿ ಹಬ್ಬಿ, ಆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗವಾಕ್ಷಿ ತೆರೆದಿಟ್ಟು ಅಲ್ಲೊಂದು ಹಳೆಯ ಹಗ್ಗ ಇಳಿಬಿಟ್ಟರಂತೆ.

ಮಾರೆಣ್ಣ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಇದು ಖರೇ ಹೌದೇನು ಎಂದು ಬೆಂಚಿನಲ್ಲಿ ಒಬ್ಬರೂ ಕೇಳಲಿಲ್ಲ. ಲಕ್ಷ್ಮಿಕಾಂತನೂ ಕೇಳಲಿಲ್ಲ.