ಅಜ್ಜಿಯ ದನಿ ಮುಚ್ಚಿಡಿ ಅಂದಳು

೨೦೧೬ರ ಮಾತು. ಆಗ ನಾನು ಸಿಂಗಾಪುರದ ಉಬಿಯಲ್ಲಿ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಆಸ್ಟ್ರೇಲಿಯಾದ ಎಲ್ಲೋ ಒಳಗಿನ, ಮೂಲನಿವಾಸಿಗಳ ಒಂದು ಊರಿಗೆ ಡಿಜಿಟಲ್ ಸಂಗ್ರಹ ಮಾಡಿಕೊಡುತ್ತಿದ್ದೆವು. ಅವರ ಹಾಡು, ಕಥೆ, ಹಳೆಯ ಫೋಟೋಗಳೆಲ್ಲ ಮುಂದಿನವರಿಗೆ ಉಳಿಯಲಿ ಅಂತ. ಕೆಲಸ ಪರೀಕ್ಷಿಸಲು ಆ ಊರಿನ ಮಾರ್ಲೀನ್ ಎಂಬ ಹುಡುಗಿ ನಮ್ಮ ಆಫೀಸಿಗೆ ಬಂದಿದ್ದಳು. ಹಾಡುಗಳಲ್ಲಿ ಅರ್ಧಕ್ಕರ್ಧ ಅವಳ ಅಜ್ಜಿಯವೇ. ಕೇಳಿ ಕೇಳಿ ಆ ದನಿ ನನಗೂ ನಮ್ಮ ಮನೆಯವರದ್ದೇ ಅನ್ನಿಸಿಬಿಟ್ಟಿತ್ತು.

ಒಂದು ಬೆಳಗ್ಗೆ ಮಾರ್ಲೀನ್‌ಗೆ ಊರಿಂದ ಫೋನ್ ಬಂತು. ಅಜ್ಜಿ ತೀರಿಕೊಂಡಿದ್ದರು. ಅಯ್ಯೋ ಪಾಪ ಅನ್ನಿಸಿ ಅವಳ ಕೈ ಹಿಡಿದು, "ಅಜ್ಜಿದು ಒಳ್ಳೆ ಫೋಟೋ ಆರಿಸಿ ಮೊದಲ ಪುಟದಲ್ಲೇ ಹಾಕ್ತೀನಿ," ಅಂದೆ.

ಅವಳು ಗಾಬರಿಯಿಂದ ಕೈ ಕಿತ್ತುಕೊಂಡಳು. "ಬೇಡ! ಅವರ ಫೋಟೋ, ದನಿ, ಹೆಸರು ಎಲ್ಲ ಮುಚ್ಚಿಡಿ. ಈಗಲೇ."

ನನಗೆ ತಲೆಬುಡ ಗೊತ್ತಾಗಲಿಲ್ಲ. ಉಳಿಸಬೇಕು ಅಂತ ತಾನೇ ಇಷ್ಟು ದಿನ ಒದ್ದಾಡಿದ್ದು? "ಅವರ ಹಾಡು ಬೇಕಾಗೋದೇ ಈಗಲ್ವಾ?" ಅಂತ ಕೇಳಿಯೇಬಿಟ್ಟೆ.

"ಅಳಿಸೋದಲ್ಲ, ಮುಚ್ಚಿಡೋದು. ಯಾರಾದ್ರೂ ತೀರಿಕೊಂಡ್ರೆ ನಮ್ಮಲ್ಲಿ ಹಾಗೇ ಪದ್ಧತಿ. ಮನೆಯವರು ಇನ್ನು ಪರವಾಗಿಲ್ಲ ಅಂದಾಗ ತೆಗೀತೀವಿ. ನಮ್ಮೂರ ಸಭೆಯ ಹಾಲ್‌ನಲ್ಲಿ ಈ ಸಂಗ್ರಹ ಈಗಾಗಲೇ ಇಡೀ ದಿನ ಓಡ್ತಿರುತ್ತೆ. ಅಮ್ಮ ಅಲ್ಲಿಗೆ ಬರ್ತಾಳೆ. ಆ ದನಿ ಕಿವಿಗೆ ಬಿದ್ರೆ ಅವಳಿಗೆ ತಡ್ಕೊಳ್ಳೋಕಾಗಲ್ಲ."

ಒಂದೊಂದಾಗಿ ಮುಚ್ಚುತ್ತ ಕೂತೆ. ಪರದೆ ಖಾಲಿಯಾದಂತೆಲ್ಲ ನಾನು ಒಂದೊಂದು ಹಾಡಿಗೂ ತಡೆದು ತಡೆದು ಮುಂದೆ ಹೋಗುತ್ತಿದ್ದೆ. ಪಕ್ಕದಲ್ಲಿದ್ದ ಅವಳ ಮುಖ ಮಾತ್ರ ಸ್ವಲ್ಪ ಸಡಿಲವಾಗುತ್ತಿತ್ತು. ಇದೆಂಥ ವಿಚಿತ್ರವಪ್ಪಾ ಅಂದುಕೊಂಡೆ.

"ನಿಮ್ಮಲ್ಲಿ ಏನು ಮಾಡ್ತೀರಿ?" ಅಂದಳು.

"ಫೋಟೋ ದೊಡ್ಡದು ಮಾಡಿಸಿ, ಹಾರ ಹಾಕಿ, ಗೋಡೆಗೆ ನೇತು ಹಾಕ್ತೀವಿ. ನಮ್ಮಮ್ಮ ಹೋದ ವರ್ಷ ತೀರಿಕೊಂಡಳು. ಇಲ್ಲೇ ಪುಂಗೋಲ್‌ನಲ್ಲಿರೋ ನಮ್ಮ ಮನೆಯ ಹಾಲ್‌ನಲ್ಲೇ ಇದ್ದಾಳೆ. ದಿನಾ ದೀಪ ಹಚ್ತೀನಿ."

ಈಗ ಕಕ್ಕಾಬಿಕ್ಕಿಯಾಗುವ ಸರದಿ ಅವಳದು. "ದಿನಾ ಅಮ್ಮನ ಮುಖ ನೋಡ್ತೀರಾ? ಹೇಗೆ ತಡ್ಕೋತೀರಿ?"

"ಅಭ್ಯಾಸ ಆಗಿದೆ," ಅಂದೆ. ಆಮೇಲೆ ಎಂಆರ್‌ಟಿ ರೈಲಿನಲ್ಲಿ ಮನೆಗೆ ಬರುತ್ತ ದಾರಿಯುದ್ದಕ್ಕೂ ಅದೇ ಪ್ರಶ್ನೆ ಕೊರೆಯುತ್ತಿತ್ತು.

ಸಂಜೆ ಎಂದಿನಂತೆ ದೀಪ ಹಚ್ಚಲು ಹೋದೆ. ಆಗ ತಿಳಿಯಿತು: ನಾನು ದಿನವೂ ಹಾರ ನೋಡುತ್ತೇನೆ, ಬತ್ತಿ ನೋಡುತ್ತೇನೆ, ಗಾಜಿನ ಮೇಲಿನ ಧೂಳು ಒರೆಸುತ್ತೇನೆ. ಅಮ್ಮನ ಮುಖ ನೋಡುವುದೇ ಇಲ್ಲ! ಅವತ್ತು ಕತ್ತೆತ್ತಿದೆ. ಹುಬ್ಬಿನ ಮೇಲಿನ ಆ ಚಿಕ್ಕ ಗಾಯದ ಗುರುತು, ನಗು ತಡೆದುಕೊಂಡ ತುಟಿ. ಅಲ್ಲೇ ಕೂತು ಗೋಳೋ ಅಂತ ಅತ್ತೆ.

ಅಡುಗೆಮನೆಯಿಂದ ನಮ್ಮ ಯಜಮಾನರು ಓಡಿ ಬಂದರು. "ಏನಾಯ್ತೇ? ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ನಮ್ಮಮ್ಮ ಹೋಗ್ಬಿಟ್ಳು ಕಣ್ರೀ," ಅಂದೆ.

ವರ್ಷದ ಹಿಂದಿನ ಸುದ್ದಿಯನ್ನು ಈಗ ಹೇಳುತ್ತಿದ್ದಾಳಲ್ಲ ಅಂತ ಅವರು ಪಿಳಿಪಿಳಿ ನೋಡಿದರು.

ಮುಚ್ಚಿಡುವುದು ಸರಿಯೋ, ನೇತು ಹಾಕುವುದು ಸರಿಯೋ, ಇವತ್ತಿಗೂ ನನಗೆ ಗೊಂದಲವೇ. ಫೋಟೋ ಗೋಡೆಯ ಮೇಲೇ ಇದೆ. ಆದರೆ ಅವತ್ತಿನಿಂದ ದೀಪ ಹಚ್ಚುವವರು ಯಜಮಾನರು.