ಸೆಲ್ಲು ಖರ್ಚಾಗುವ ಮಾತು

ನಮ್ಮ ಮನೆಯಲ್ಲಿ ಅಪ್ಪನ ಜೊತೆ ಮಾತಾಡಬೇಕೆಂದರೆ ಮೊದಲು ಅವನ ಭುಜ ತಟ್ಟಬೇಕಿತ್ತು. ಅಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ನಾನು ಹುಟ್ಟುವ ಮೊದಲೇ ಒಂದು ಕೆಟ್ಟ ಜ್ವರ ಬಂದು ಅವನ ಎರಡೂ ಕಿವಿಗಳನ್ನು ಹೆಚ್ಚುಕಮ್ಮಿ ಮುಚ್ಚಿ ಹೋಗಿತ್ತು. ತೊಂಬತ್ತರ ದಶಕದ ನಡುವೆ ಯಾವುದೋ ಉಚಿತ ಶಿಬಿರದಲ್ಲಿ ಅವನಿಗೊಂದು ಶ್ರವಣಯಂತ್ರ ಸಿಕ್ಕಿತು. ನಾವು ಅದನ್ನು ಕಿವಿ ಮಿಷನ್ನು ಎನ್ನುತ್ತಿದ್ದೆವು. ಸದ್ದು ಹಿಡಿಯುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ ಅಂಗಿಯ ಜೇಬಿನಲ್ಲಿ, ಅದರಿಂದ ಹೊರಟ ವೈರು ಕಿವಿಯಲ್ಲಿ. ಡಬ್ಬಿಯೊಳಗೆ ಒಂದು ಪೆನ್ಸಿಲ್ ಸೆಲ್ಲು.

ಆ ಸೆಲ್ಲೆಂದರೆ ಅಪ್ಪನಿಗೆ ಪ್ರಾಣ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ ತಕ್ಷಣ ಸ್ವಿಚ್ಚು ಆರಿಸುತ್ತಿದ್ದ. ದಿನವಿಡೀ ಅದೇ ಮಗ್ಗದ ಸದ್ದು ಕೇಳುವುದಕ್ಕೆ ಸೆಲ್ಲು ಯಾಕೆ ಹಾಳು ಮಾಡಬೇಕು ಎಂಬುದು ಅವನ ವಾದ. ನಾವು ಭುಜ ತಟ್ಟಿದರೆ ಲಾಳಿ ನಿಲ್ಲಿಸಿ, ಜೇಬಿಗೆ ಕೈ ಹಾಕಿ, ಸ್ವಿಚ್ಚು ಒತ್ತುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದ.

“ಸೆಲ್ಲು ಖರ್ಚಾಗೋ ಮಾತೇನವ್ವಾ?”

ಹೌದೆಂದು ತಲೆಯಾಡಿಸಿದರೆ ಮಾತ್ರ ಸ್ವಿಚ್ಚು ಬೀಳುತ್ತಿತ್ತು. ಊಟಕ್ಕೆ, ನೀರಿಗೆ, ಸಂತೆಗೆ ಕೈಸನ್ನೆಯೇ ಸಾಕಿತ್ತು. ಅವ್ವ ಸಿಟ್ಟು ಬಂದು ಕೂಗಾಡಿದರಂತೂ ಅವನು ಸ್ವಿಚ್ಚಿನ ಕಡೆ ಕೈಯನ್ನೇ ಒಯ್ಯುತ್ತಿರಲಿಲ್ಲ, ನಗುತ್ತ ನೇಯುತ್ತಿದ್ದ. ಅಂಥ ಅನುಕೂಲ ನಮ್ಮ ಬೀದಿಯ ಬೇರೆ ಯಾವ ಗಂಡಸಿಗೂ ಇರಲಿಲ್ಲ.

ಮುಗಿದ ಸೆಲ್ಲನ್ನು ಎಸೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ತಗಡಿನ ಮಾಡಿನ ಮೇಲೆ, ಅವ್ವ ಒಣಹಾಕಿದ ಸಂಡಿಗೆಯ ಪಕ್ಕದಲ್ಲಿ, ಅವನ್ನೂ ಒಣಗಲು ಇಡುತ್ತಿದ್ದೆವು. ಸಂಜೆ ತಂದು ಹಾಕಿದರೆ ಒಂದಿಷ್ಟು ಹೊತ್ತು ಜೀವ ಬರುತ್ತಿತ್ತು. ಹಾಗೆ ಎರಡು ಸಲ ಇಟ್ಟದ್ದು ‘ಎರಡು ಬಿಸಿಲಿನ ಸೆಲ್ಲು’. ನಮ್ಮ ಕಡೆ ಏನಿಲ್ಲದಿದ್ದರೂ ಬಿಸಿಲಿಗೆ ಕೊರತೆಯಿಲ್ಲವಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಸುತ್ತಲಿನ ಶಾಲೆಗಳಿಗೆಲ್ಲ ಸೇರಿ ವಿಜ್ಞಾನ ವಸ್ತುಪ್ರದರ್ಶನ ನಡೆಯಿತು. ಸೆಲ್ಲು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸುತ್ತೇನೆ ಅಂತ ನಾನೇ ಹೆಸರು ಕೊಟ್ಟೆ. ಬೇರೆ ಯಾವ ವಿಷಯವನ್ನು ತಾನೇ ಆರಿಸಿಕೊಳ್ಳಲಿ? ಅಷ್ಟು ವರ್ಷ ನಮ್ಮ ಮನೆಯ ಮಾತುಕತೆಯನ್ನೆಲ್ಲ ಅಳೆದು ಕೊಡುತ್ತಿದ್ದ ಆ ವಸ್ತುವಿನ ಹೊಟ್ಟೆಯೊಳಗೆ ಏನಿದೆ ಎಂದು ನನಗೆ ನೋಡಲೇಬೇಕಿತ್ತು.

ಬೀದಿಯವರಿಂದ ಸತ್ತ ಟಾರ್ಚಿನ ಸೆಲ್ಲುಗಳನ್ನು ಬೇಡಿ ತಂದು ಕತ್ತರಿಯಿಂದ ಕೊರೆದೆ. ಒಳಗೆ ಕಪ್ಪು ಹಿಟ್ಟು, ನಡುವೆ ಇದ್ದಲಿನ ಕಡ್ಡಿ. ಹೊರಗಿನ ಬೂದು ತಗಡೇ ಸತು. ಆ ತಗಡನ್ನು ಬಿಡಿಸಿ, ಉಜ್ಜಿ, ಬಿಲ್ಲೆಗಳಾಗಿ ಮಾಡಿಕೊಂಡೆ. ನಮ್ಮದೊಂದು, ಪಕ್ಕದ ಮನೆಗಳವೆರಡು, ಒಟ್ಟು ಮೂರು ತಾಮ್ರದ ಚೊಂಬುಗಳಲ್ಲಿ ಗಟ್ಟಿ ಹುಣಸೆಹುಳಿ ತುಂಬಿದೆ. ಚೊಂಬಿನ ಬಾಯಿಗೆ ಅಡ್ಡಲಾಗಿ ಕಡ್ಡಿಯಿಟ್ಟು, ತಾಮ್ರಕ್ಕೆ ತಾಕದ ಹಾಗೆ ಸತುವನ್ನು ಹುಳಿಯಲ್ಲಿ ಇಳಿಬಿಟ್ಟೆ. ಒಂದರ ಸತುವಿನಿಂದ ಇನ್ನೊಂದರ ಚೊಂಬಿಗೆ ತಂತಿ. ಕೊನೆಯ ಎರಡು ತಂತಿಗಳನ್ನು ಗೋಡೆ ಗಡಿಯಾರದ ಸೆಲ್ಲಿನ ಜಾಗಕ್ಕೆ ಸಿಕ್ಕಿಸಿದೆ. ಸೆಕೆಂಡಿನ ಮುಳ್ಳು ಟಿಕ್ಕೆಂದು ಹೆಜ್ಜೆ ಹಾಕಿತು. ಅವತ್ತು ನಾನು ಕುಣಿದ ಕುಣಿತಕ್ಕೆ ಚೊಂಬು ಉರುಳದೇ ಇದ್ದದ್ದು ಪುಣ್ಯ.

“ಹುಳಿಯೆಲ್ಲ ಹಾಳು ಮಾಡಿದ್ಲು, ಸಾರಿಗೆ ಏನು ಹಾಕ್ಲಿ?” ಎಂದು ಅವ್ವ ಗೊಣಗಿದಳು. ಆದರೆ ಚೊಂಬು ಒಳಗಿನಿಂದ ಥಳಥಳ ಹೊಳೆಯುತ್ತಿದ್ದುದನ್ನು ಕಂಡು ಇನ್ನೆರಡರೊಳಗೂ ಇಣುಕಿ ನೋಡಿದಳು.

ಭಾಷಣವನ್ನು ಅಪ್ಪನ ಮುಂದೆ ಒಪ್ಪಿಸಲು ಹೋದರೆ ಅವನು ಜೇಬಿಗೆ ಕೈಯನ್ನೇ ಹಾಕಲಿಲ್ಲ.

“ಇಲ್ಲಿ ಬ್ಯಾಡವ್ವ. ಅಲ್ಲಿಗೇ ಬರ್ತೀನಿ. ಎಲ್ರ ಮುಂದೆ ನೀನು ಮಾತಾಡೋದು ಕೇಳ್ತೀನಿ.”

ಅದಕ್ಕೆಂದೇ ಒಂದು ಹೊಸ ಸೆಲ್ಲು ತಂದ. ಮಗಳು ನಾಲ್ಕು ಜನರ ಎದುರು ಮಾತಾಡುವುದನ್ನು ಅವನು ಒಂದು ಸಲವೂ ಕೇಳಿರಲಿಲ್ಲ. ನನಗೂ ಬಹುಮಾನಕ್ಕಿಂತ ಅದೇ ಮುಖ್ಯವಾಗಿತ್ತು.

ಚಳ್ಳಕೆರೆಯ ಆ ಶಾಲೆಯಲ್ಲಿ ನನ್ನ ಮೇಜು ಕಿಟಕಿಯ ಪಕ್ಕ. ಗಡಿಯಾರ ನಡೆಯುತ್ತಿತ್ತು. ತೀರ್ಪುಗಾರರಾಗಿ ಬಂದಿದ್ದ ಇಬ್ಬರು ಮೇಷ್ಟ್ರುಗಳು ನನಗಿಂತ ಎರಡು ಮೇಜು ಆಚೆಗಿದ್ದಾಗ ಅಪ್ಪ ಸ್ವಿಚ್ಚು ಒತ್ತಿದ. ಕುಂಯ್ ಎಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಡಬ್ಬಿ ತೆರೆದು ನೋಡಿದರೆ ಸೆಲ್ಲು ಊದಿಕೊಂಡು, ತುದಿಯಲ್ಲಿ ಒಸರುತ್ತಿತ್ತು. ಹೊಸ ಸೆಲ್ಲೆಲ್ಲಿ ಎಂದು ನಾನು ಸನ್ನೆಯಲ್ಲಿ ಕೇಳಿದೆ.

“ಇದೇ ಕಣವ್ವ ಹೊಸದು!” ಕಿವಿ ಕೇಳದವರು ತಮಗೆ ಗೊತ್ತಿಲ್ಲದೆ ಮಾತಾಡುವ ಆ ದೊಡ್ಡ ದನಿಯಲ್ಲಿ ಅಪ್ಪ ಹೇಳಿದ. “ನಿನ್ನ ಮಾತು ಪೂರ್ತಿ ಕೇಳ್ಬೇಕು ಅಂತ ಎಂಟು ದಿನ ಬಿಸಿಲಿಗೆ ಇಟ್ಟಿದ್ದೆ. ಹಳೇದಕ್ಕೇ ಜೀವ ಬರ್ತೈತೆ, ಹೊಸದಕ್ಕೆ ಇನ್ನೂ ಬರಲ್ವಾ?”

ಅಕ್ಕಪಕ್ಕದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಬಿಸಿಲು ಸೆಲ್ಲಿಗೆ ಏನನ್ನೂ ತುಂಬುವುದಿಲ್ಲ, ಒಳಗೆ ಉಳಿದದ್ದನ್ನು ಅವಸರ ಪಡಿಸುತ್ತದೆ ಅಷ್ಟೆ ಎಂದು ನನ್ನ ಭಾಷಣದಲ್ಲೇ ಇತ್ತು. ಇಲ್ಲಿ ನನ್ನಪ್ಪನೇ ಹೊಸ ಸೆಲ್ಲನ್ನು ಕಾದ ತಗಡಿನ ಮೇಲೆ ಬೇಯಿಸಿ ತಂದಿದ್ದ. ಅವನ ಮುಖ ನೋಡಿದೆ. ಪೆಚ್ಚಾಗಿ, ಆ ಸೆಲ್ಲನ್ನು ಪಂಚೆಯ ಚುಂಗಿನಲ್ಲಿ ಒರೆಸುತ್ತ ನಿಂತಿದ್ದ. ನನ್ನ ಸಿಟ್ಟು ಎತ್ತ ಹೋಯಿತೋ ಗೊತ್ತಿಲ್ಲ. ಅಂಗಡಿಗೆ ಓಡಿ ಬರುವಷ್ಟು ಹೊತ್ತಿರಲಿಲ್ಲ.

ಗಡಿಯಾರ ನಡೆಯುವುದೂ ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ, ಮಿಷನ್ನು ನಡೆಯುವುದೂ ಅಷ್ಟರಲ್ಲೇ.

ನಾನು ಗಡಿಯಾರದಿಂದ ತಂತಿಗಳನ್ನು ಕಿತ್ತೆ. ಮುಳ್ಳು ನಿಂತಿತು. ಮಿಷನ್ನಿನೊಳಗೆ ಒಸರಿದ್ದನ್ನು ಲಂಗದ ಅಂಚಿನಿಂದ ಒರೆಸಿ, ಸ್ಪ್ರಿಂಗಿಗೆ ಸತುವಿನ ತಂತಿ, ಎದುರಿನ ತಗಡಿಗೆ ಚೊಂಬಿನ ತಂತಿ ಸಿಕ್ಕಿಸಿದೆ. ತಂತಿ ಗಿಡ್ಡವಾಗಿದ್ದರಿಂದ ಡಬ್ಬಿಯನ್ನು ಮೇಜಿನ ಮೇಲೆಯೇ ಇಡಬೇಕಾಯಿತು. ಅಪ್ಪ ಕಿವಿಯ ವೈರು ಎಳೆದಷ್ಟಕ್ಕೆ ಬಗ್ಗಿ ನಿಂತ. “ಅಪ್ಪಾ” ಎಂದೆ. ಅವನ ಹುಬ್ಬು ಮೇಲೇರಿತು. ಅಷ್ಟರಲ್ಲಿ ಮೇಷ್ಟ್ರುಗಳು ಬಂದೇಬಿಟ್ಟರು.

“ಗಡಿಯಾರ ನಿಂತೇ ಹೋಗಿದೆಯಲ್ಲಮ್ಮ?” ಎಂದರು ಒಬ್ಬರು.

“ನಾನೇ ನಿಲ್ಲಿಸಿದ್ದೀನಿ ಸಾರ್. ಈಗ ನಮ್ಮಪ್ಪನ ಕಿವಿ ನಡೀತಾ ಐತೆ.”

ಭಾಷಣ ಶುರು ಮಾಡಿದೆ. ಹುಳಿ ಸತುವನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತದೆ. ಕರಗುವ ಸತು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ತಾಮ್ರದ ಕಡೆ ಹೋಗಬೇಕು, ಆದರೆ ಹುಳಿಯೊಳಗೆ ಅವಕ್ಕೆ ದಾರಿಯಿಲ್ಲ. ಹಾಗಾಗಿ ಹೊರಗಿನ ತಂತಿ ಹಿಡಿದು ಹೋಗುತ್ತವೆ. ಹೋಗುವ ದಾರಿಯಲ್ಲಿ ಗಡಿಯಾರವಿದ್ದರೆ ಗಡಿಯಾರವನ್ನು, ಕಿವಿ ಮಿಷನ್ನಿದ್ದರೆ ಮಿಷನ್ನನ್ನು ನಡೆಸುತ್ತವೆ. ಅಂಗಡಿಯ ಸೆಲ್ಲಿನಲ್ಲಿ ಹುಳಿ ನೀರಿನ ಬದಲು ಹಸಿ ಹಿಟ್ಟಿರುತ್ತದೆ. ಅದು ಒಣಗಿದರೆ, ಸತು ತೀರಿದರೆ, ಸೆಲ್ಲು ಸತ್ತಿತು. ಒಂದು ಕಡೆಯೂ ತಡವರಿಸಲಿಲ್ಲ. ಹೇಳುವಾಗ ಮೇಷ್ಟ್ರುಗಳನ್ನು ನೋಡದೆ ಅಪ್ಪನನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ಒಬ್ಬ ಮೇಷ್ಟ್ರು ಬಾಗಿ ಚೊಂಬಿನೊಳಗೆ ಇಣುಕಿದರು. ಹಾಗೆಯೇ ಪಕ್ಕದವರ ಕಡೆ ತಿರುಗಿ ಏನೋ ಪಿಸುಗುಟ್ಟಿದರು. ಎದುರಿಗೇ ನಿಂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

“ಇಲ್ಲ ಸಾರ್!” ಇಡೀ ಕೋಣೆ ತಿರುಗಿ ನೋಡುವ ಹಾಗೆ ಅಪ್ಪ ಗುಡುಗಿದ. “ಮನೇಲಿ ಯಾರೂ ಮಾಡ್ಕೊಟ್ಟಿಲ್ಲ ಸಾರ್! ನಂಗೆ ಸೈನು ಹಾಕಾಕೂ ಬರಲ್ಲ. ಅವಳೇ ಮಾಡಿದ್ದು!”

ಮೇಷ್ಟ್ರು ಹೌಹಾರಿದರು. “ನಿಮಗೆ... ಕೇಳಿಸ್ತಾ?”

“ಕೇಳಿಸ್ತು ಸಾರ್. ಹುಣಸೆಹುಳೀಲಿ ಕೇಳಿಸ್ತು.”

ಡಬ್ಬಿ ಮೇಜಿನ ಮೇಲೆ, ಮೇಷ್ಟ್ರ ಗಲ್ಲದ ಕೆಳಗೇ ಇತ್ತು. ಅವರ ಪಿಸುಮಾತು ನೆಟ್ಟಗೆ ಅದರೊಳಗೆ ಹೋಗಿತ್ತು. ಕಿವಿ ಚುರುಕಾಗಿದ್ದ ನಾವೆಲ್ಲ ಕೇಳಿಸಿಕೊಳ್ಳದ ಮಾತನ್ನು ನನ್ನಪ್ಪ ನಾನು ಕಟ್ಟಿದ ಸೆಲ್ಲಿನಿಂದ ಕೇಳಿಸಿಕೊಂಡಿದ್ದ. ಆಮೇಲೆ ಬಾಳಿನಲ್ಲಿ ಒಂದೆರಡು ಶಾಲು, ಹಾರಗಳು ನನಗೂ ಬಿದ್ದಿವೆ. ಆ ಮೇಜಿನ ಹಿಂದೆ ನಿಂತಾಗ ಎದೆ ಉಬ್ಬಿದಷ್ಟು ಮತ್ತೆಂದೂ ಉಬ್ಬಿಲ್ಲ.

ಮೊದಲ ಬಹುಮಾನ ಗೋಬರ್ ಗ್ಯಾಸಿನ ಮಾದರಿಗೆ ಹೋಯಿತು. ನಾವು ಮೂರು ಚೊಂಬುಗಳನ್ನು ಚೀಲಕ್ಕೆ ಹಾಕಿಕೊಂಡು, ಬಸ್ ನಿಲ್ದಾಣದ ಅಂಗಡಿಯಲ್ಲಿ ಒಂದು ಸೆಲ್ಲು ಕೊಂಡು ಊರಿಗೆ ಬಂದೆವು. ಮನೆಯ ಹೊಸ್ತಿಲು ದಾಟುತ್ತಲೇ ಅಪ್ಪ ಅದನ್ನು ಡಬ್ಬಿಗೆ ಹಾಕಿ ಸ್ವಿಚ್ಚು ಒತ್ತಿದ. ಯಾರೂ ಅವನ ಭುಜ ತಟ್ಟಿರಲಿಲ್ಲ. ಕೈಕಾಲು ತೊಳೆದ, ಉಂಡ, ಎಲೆಯಡಿಕೆ ಹಾಕಿಕೊಂಡ. ಸ್ವಿಚ್ಚು ಹಾಗೇ ಇತ್ತು.

ಅವ್ವನಿಗೇ ತಡೆಯದಾಯಿತು. “ಮಿಷನ್ ಆರಿಸ್ರಿ, ಸೆಲ್ಲು ಮುಗೀತೈತೆ.”

“ಮುಗಿದ್ರೆ ಮುಗೀಲಿ ಬಿಡೇ” ಎಂದ ಅಪ್ಪ. “ಸುಮ್ನೆ ಏನಾರ ಮಾತಾಡ್ತಿರ್ರಿ. ಸೆಲ್ಲು ಮಾಡೋಳು ಮನೇಲೇ ಅದಾಳೆ.”